ಮೂಳೆಯ ಮೇಲೆ ಆರು ಗೀರು

ಹೋದ ವಾರ ಹೊನ್ನಾಳಿಯಲ್ಲಿ ಹಲ್ಲಿನ ಡಾಕ್ಟರು ನನ್ನ ದವಡೆ ಹಲ್ಲಿಗೆ ಮಿಷನ್ನು ಇಟ್ಟಾಗ ಸುಟ್ಟ ಕೂದಲಿನಂಥ ವಾಸನೆ ಮೂಗಿಗೆ ಬಡಿಯಿತು. ಮೂಳೆ ಉಜ್ಜಿದಾಗ ಬರುವ ವಾಸನೆ. ಕಣ್ಣು ಮುಚ್ಚಿಕೊಂಡೆ. ನ್ಯಾಮತಿಯ ನಮ್ಮ ಮನೆಯ ಹಿತ್ತಲು, ಬಟ್ಟೆ ಒಗೆಯುವ ಕಲ್ಲು, ಅದರ ಮೇಲೆ ಅರ ಹಿಡಿದು ಕೂತ ಚಿಕ್ಕಪ್ಪ...

ಚಿಕ್ಕಪ್ಪ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದರು. ಬಾರಿಸುವುದೆಂದರೆ ಬಡಿಯುವುದೇ. ತಂತಿ ಹರಿಯಬೇಕು, ಉಗುರು ಸೀಳಬೇಕು, ಆಗಲೇ ಅವರಿಗೆ ಸಮಾಧಾನ. ಮನೆಯಲ್ಲೂ ಅದೇ ಕೈ. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಗೋಡೆಗೆ ಹೋಗುತ್ತಿತ್ತು. ನೆಗ್ಗದ ತಟ್ಟೆಯೇ ಇಲ್ಲದ್ದರಿಂದ ಚಿಕ್ಕಮ್ಮ ನೆಂಟರಿಗೆಲ್ಲ ಬಾಳೆಲೆ ಹಾಕುತ್ತಿದ್ದಳು. ಒಮ್ಮೆ ಗೋಡೆಯ ಬದಲು ಅವಳ ಹಣೆಗೇ ತಗುಲಿತ್ತು.

ಜಗಳೂರಿನ ಗಣಪತಿ ಕಾರ್ಯಕ್ರಮದಲ್ಲಿ, ಕೇಳಿದ ಹಾಡು ಹಾಡಲಿಲ್ಲವೆಂದು ಜಗಳ ಎದ್ದು ಕಬ್ಬಿಣದ ಕುರ್ಚಿಗಳು ಹಾರಿದವು. ಒಂದು ಚಿಕ್ಕಪ್ಪನ ಎಡಗೈ ಮೇಲೆ ಬಿತ್ತು. ಜಜ್ಜಿಹೋದ ಎರಡು ಬೆರಳಿನ ಮೂಳೆ ದಪ್ಪಗೆ, ಸೊಟ್ಟಗೆ ಕೂಡಿಕೊಂಡಿತು. ಒಂದು ತಂತಿ ಒತ್ತಿದರೆ ಪಕ್ಕದ್ದಕ್ಕೂ ತಾಗಿ ಟಪ್ ಅಂತ ಸತ್ತ ಸದ್ದು.

ಆಗ ತಂತಿಗಳ ನಡುವಿನ ಜಾಗ ಹಿಗ್ಗಿಸಲು ಹೊರಟರು. ಗಿಟಾರಿನ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪುಟ್ಟ ಪಟ್ಟಿ ಇರುತ್ತದೆ, ಆರು ಗೀರಿನದು. ಅದನ್ನು ಮೂಳೆಯಲ್ಲಿ ಹೊಸದಾಗಿ ಮಾಡಬೇಕಿತ್ತು. ಆರ್ಕೆಸ್ಟ್ರಾದ ಡ್ರಮ್ ಬಾರಿಸುವವನು ಮೂಳೆ ತಂದುಕೊಟ್ಟ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಲಿಂಗಪೂಜೆ ಮಾಡೋ ಮನೆಯಾಗೆ ಮೂಳೆ ತರ್ತೀಯೇನೋ? ನಿನ್ನ ಮೂಳೆ ಮುರಿದಿದ್ದು ಸಾಲ್ದಾ?"

ಅದಕ್ಕೇ ಹಿತ್ತಲು. ಕೆಲಸ ಮುಗಿದ ದಿನ ಅಜ್ಜಿ ಮಗನ ತಲೆಗೆ ಬಟ್ಟೆ ಸಮೇತ ನೀರು ಸುರಿದು, ಗಿಟಾರಿಗೂ ವಿಭೂತಿ ಬಳಿದೇ ಒಳಗೆ ಬಿಟ್ಟಳು.

ಗೀರು ಹಾಕುವಾಗಲೇ ಡ್ರಮ್ಮಿನವನು ಎಚ್ಚರಿಸಿದ್ದ. "ಅಣ್ಣಾ, ಇಷ್ಟು ಅಗಲ ಇಟ್ರೆ ಕಡೇ ತಂತಿ ಅಂಚಿಗೇ ಬರ್ತೈತೆ. ಬೆರಳಲ್ಲಿ ಮೀಟಾಕೆ ಚಲೋ. ನಿನ್ನಂಗೆ ಅದುಮಿ ಬಡಿಯಾಕೆ ಹೋದ್ರೆ ಜಾರಿ ಹೊರಗೆ ಬೀಳ್ತೈತೆ."

"ಬಡಿಯಲ್ಲ ಬಿಡೋ," ಅಂದರು ಚಿಕ್ಕಪ್ಪ. "ಬಡಿದಿದ್ದು ಸಾಕು."

ನಿಜಕ್ಕೂ ಬಿಟ್ಟರು. ಸಂಜೆ ಕಟ್ಟೆಯ ಮೇಲೆ ಕೂತು ಒಂದೊಂದೇ ತಂತಿ ಮೀಟುತ್ತಿದ್ದರು, ಗಿಡದಿಂದ ಹೂ ಬಿಡಿಸುವ ಹಾಗೆ. ಚಿಕ್ಕಮ್ಮ ಹೊಸ ತಟ್ಟೆಗಳನ್ನು ತಂದಳು. ಅವು ನೆಟ್ಟಗೇ ಉಳಿದವು. "ಹಿಂಗೇ ಇದ್ದುಬಿಡ್ಲಿ. ಆ ಸ್ಟೇಜೊಂದು ಬ್ಯಾಡ," ಅನ್ನುತ್ತಿದ್ದಳು ನನ್ನ ಹತ್ತಿರ, ತಟ್ಟೆ ಒರೆಸುತ್ತಾ.

ಆದರೆ ಚನ್ನಗಿರಿಯ ಒಂದು ಆರತಕ್ಷತೆಗೆ ಕರೆ ಬಂತು. ನೆಂಟರ ಮದುವೆ, ನಾವೂ ಹೋಗಿದ್ದೆವು. ಚಿಕ್ಕಪ್ಪ ಮೆಲ್ಲಗೆ ಮೀಟುತ್ತಿದ್ದಾಗ ಮುಂದಿನ ಸಾಲಿನಲ್ಲಿ ಕುಡಿದು ಕೂತಿದ್ದವನೊಬ್ಬ ಎದ್ದು ನಿಂತ.

"ಯಜಮಾನ್ರೇ, ಜೋಗುಳ ಹಾಡಾಕೆ ಬಂದೀರೇನ್ರಿ? ಕೈ ಸತ್ತೈತೋ?"

ಜನ ನಕ್ಕರು. ಚಿಕ್ಕಪ್ಪನ ಕುತ್ತಿಗೆಯ ನರ ಉಬ್ಬಿತು. ಬಡಿಯತೊಡಗಿದರು. ಅದೇ ಹಳೇ ಬಡಿತ. ಶಿಳ್ಳೆ ಬಿದ್ದವು. ಅಷ್ಟರಲ್ಲಿ ಕಡೇ ತಂತಿ ಅಂಚಿನಿಂದ ಜಾರಿತು. ಎಳೆದು ಕೂರಿಸಿದರು, ಮತ್ತೆ ಜಾರಿತು.

"ತಂತೀನೂ ಓಡಿಹೋತು ನೋಡ್ರಪ್ಪೋ!" ಅಂತ ಆ ಕುಡುಕ ಕೂಗಿದ.

ಚಿಕ್ಕಪ್ಪ ಗಿಟಾರ್ ಎತ್ತಿ ಹಿಡಿದು ಸ್ಟೇಜಿನಿಂದ ಹಾರಿದರು. ಮೊದಲ ಏಟು ಅವನ ಹೆಗಲಿಗೆ, ಎರಡನೆಯದು ಬಾಯಿಗೆ. ಗಿಟಾರಿನ ಬುರುಡೆ ಸೀಳಿ ತಂತಿಗಳು ಅವನ ಕಿವಿಗೆ ಸುತ್ತಿಕೊಂಡವು. ಅವನು ಬಿದ್ದ ಮೇಲೂ ಕೈಯಲ್ಲುಳಿದ ಕುತ್ತಿಗೆಯಿಂದ ಬಡಿಯುತ್ತಲೇ ಇದ್ದರು. ತಡೆಯಲು ಹೋದ ಚಿಕ್ಕಮ್ಮನನ್ನು ಅತ್ತ ಎಸೆದರು. ಡ್ರಮ್ಮಿನವನು ಹಿಂದಿನಿಂದ ತಬ್ಬಿ ಹಿಡಿಯುವ ಹೊತ್ತಿಗೆ ಕೆಳಗೆ ಬಿದ್ದವನು ಬಾಯಿ ಮುಚ್ಚಿಕೊಂಡಿದ್ದ ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು.

ನನ್ನ ಕಾಲ ಹತ್ತಿರ ಬಿಳೀ ಚೂರೊಂದು ಬಿದ್ದಿತ್ತು. ಹಲ್ಲು ಅಂದುಕೊಂಡು ಹಿಂದೆ ಸರಿದೆ. ಆಮೇಲೆ ಅದರ ಮೇಲಿನ ಆರು ಗೀರು ಕಂಡವು... ಹಲ್ಲೂ ಬಿದ್ದಿದ್ದವು, ಪಕ್ಕದಲ್ಲೇ.

ಚಿಕ್ಕಪ್ಪ ಜೈಲಿಗೆ ಹೋದರು. ಚಿಕ್ಕಮ್ಮ ಆ ಹೊಸ ತಟ್ಟೆಗಳನ್ನು ಗಂಟು ಕಟ್ಟಿಕೊಂಡು ಬಸವಾಪಟ್ಟಣದ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಹೊರಗೆ ಬಂದ ಮೇಲೆ ಚಿಕ್ಕಪ್ಪ ಗಿಟಾರಿನ ಮಾತೆತ್ತಲಿಲ್ಲ. ಕಡೆಗಾಲದಲ್ಲಿ, ಮಂಚದಲ್ಲಿ ಮಲಗಿದ್ದಾಗ, ಆ ಸೊಟ್ಟ ಬೆರಳುಗಳು ಕೌದಿಯ ಅಂಚಿನ ಮೇಲೆ ಮೆಲ್ಲಗೆ ಆಡುತ್ತಿದ್ದವು, ನಡುವೆ ಜಾಗ ಬಿಟ್ಟುಕೊಂಡು. ಹಾಗೇ ಹೋದರು.

ಡಾಕ್ಟರು ಕಿತ್ತ ಹಲ್ಲನ್ನು ಹತ್ತಿಯ ಮೇಲಿಟ್ಟು ತೋರಿಸಿದರು. "ಮನೆಗೆ ಒಯ್ತೀರೇನಮ್ಮಾ?"

ಬೇಡವೆಂದು ತಲೆಯಾಡಿಸಿದೆ. ಮನೆಯಲ್ಲಿ, ಅಂಗಿ ಗುಂಡಿಗಳ ಡಬ್ಬಿಯಲ್ಲಿ, ಒಂದು ಇದೆ, ಆರು ಗೀರಿನದು. ಅದೇ ಸಾಕು.