ಗೀರು ಬಿದ್ದ ಪ್ಲೇಟು

ದೆವ್ವ, ಗಾಳಿ, ಶಕುನ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗಲೂ ಇಲ್ಲ ಅಂತಲೇ ಹೇಳುತ್ತೇನೆ, ಹೇಳುವಾಗ ಮೊದಲಿನಷ್ಟು ಜೋರು ಬರುವುದಿಲ್ಲ ಅಷ್ಟೆ. ಊರಲ್ಲಿ ಯಾರಿಗಾದರೂ ಮೈಮೇಲೆ ಬಂತು ಅಂದರೆ, ಎರಡು ದಿನ ಕಳೆ ಕೀಳುವುದಕ್ಕೆ ಕಳಿಸಿ, ತಾನಾಗಿ ಇಳಿಯುತ್ತೆ ಅನ್ನುತ್ತಿದ್ದವಳು ನಾನು. ಅಂಥವಳಿಗೆ ಒಂದು ಸಂಜೆ ಹೀಗಾಯಿತು. ಅರವತ್ತು ವರ್ಷ ಯಾರಿಗೂ ಪೂರ್ತಿ ಹೇಳಿರಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ವಿಷಯ ಮಾತ್ರ ತಿದ್ದಕೂಡದು ಅಂತ ಹೇಳಿದ್ದೇನೆ.

ಈಗ ಬರೆಯುವುದಕ್ಕೂ ಅವಳೇ ಕಾರಣ. ಹೋದ ತಿಂಗಳು ಫೋನಿನಲ್ಲಿ ಒಂದು ಹಳೇ ಸಿನಿಮಾ ಹಾಡು ಹಾಕಿಕೊಂಡು ಬಂದು, "ಅಜ್ಜಿ, ನಿಮ್ ಕಾಲದ್ದು. ಸಖತ್ತಾಗಿದೆ ಅಲ್ವಾ?" ಅಂದಳು. ಈಗ ಎಲ್ಲರೂ ಹೀಗೇ. ಆಗಿನ ಹಾಡು ಅಂದರೆ ಚಿನ್ನ, ಅಮೃತ ಅನ್ನುತ್ತಾರೆ. ನಮಗೆ ಅವು ಚಿನ್ನವೂ ಅಲ್ಲ, ಅಮೃತವೂ ಅಲ್ಲ. ನಮಗೆ ಅವು ಗಡಿಯಾರ ಆಗಿದ್ದವು. ಅದನ್ನು ಮೊದಲು ಹೇಳದೆ ಹೋದರೆ ಮುಂದಿನದು ಅರ್ಥವಾಗುವುದಿಲ್ಲ.

ಅರವತ್ತರ ದಶಕ ಶುರುವಾದ ಹೊಸತು. ಚಿಕ್ಕಲಸಂದ್ರದ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಸುತ್ತ ರಾಗಿ ಹೊಲ, ಸೊಪ್ಪಿನ ಮಡಿ, ಆಚೆಗೆ ಕೆರೆ ಏರಿ. ಜಯನಗರದಲ್ಲಿ ಸೈಟು ಅಳೆಯುತ್ತಿದ್ದಾರಂತೆ ಅಂತ ಕೇಳುತ್ತಿದ್ದೆವು, ಅದು ಯಾವುದೋ ಬೇರೆ ದೇಶ ಅನ್ನುವ ಹಾಗೆ. ಸುಗ್ಗಿ ಮುಗಿದ ಮೇಲೆ ಏರಿಯ ಆಚೆ ಬಯಲಿನಲ್ಲಿ ಟೆಂಟ್ ಸಿನಿಮಾ ಬೀಡುಬಿಡುತ್ತಿತ್ತು. ಬೊಂಬಿನ ತುದಿಗೆ ಕಹಳೆಯಂಥ ಮೈಕು ಕಟ್ಟಿ, ಸಂಜೆ ಆರಕ್ಕೆ ಸರಿಯಾಗಿ ಗ್ರಾಮಾಫೋನಿನ ಪ್ಲೇಟು ಹಾಕುತ್ತಿದ್ದರು. ಮೊದಲು ದೇವರದು ಒಂದು. ಆಮೇಲೆ ಐದು ಸಿನಿಮಾ ಹಾಡು. ಎಲ್ಲ ಹಿಂದಿನ ಹತ್ತು ವರ್ಷದಲ್ಲಿ ಬಂದವು, ಪೇಟೆಯಲ್ಲಿ ತೇದು ತೇದು ಸಾಕಾಗಿ ನಮ್ಮ ಕಡೆಗೆ ಬಂದವು. ದಿನಾ ಅವೇ, ಅದೇ ಸಾಲಿನಲ್ಲಿ.

ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಗಡಿಯಾರ ಇರಲಿಲ್ಲ. ದೇವರ ಹಾಡಿಗೆ ದೀಪ ಹಚ್ಚುವುದು, ಮೂರನೆಯ ಪ್ಲೇಟಿಗೆ ಮುದ್ದೆಗೆ ಎಸರಿಡುವುದು. ಐದನೆಯದು ಮುಗಿಯುವುದರೊಳಗೆ ಸಾರು ಇಳಿಸದಿದ್ದವಳನ್ನು ಸೋಮಾರಿ ಅನ್ನುತ್ತಿದ್ದೆವು.

ಎರಡನೆಯದಾಗಿ ಬರುತ್ತಿದ್ದುದು ಒಬ್ಬ ಹೆಂಗಸು ಹಾಡಿದ ಪ್ಲೇಟು. ಅದರ ಮೇಲೆ ಒಂದು ಗೀರು ಬಿದ್ದಿತ್ತು. ಎರಡನೇ ನುಡಿಯ ನಡುವೆ ಮುಳ್ಳು ಅಲ್ಲಿ ಸಿಕ್ಕಿಕೊಂಡು, ಒಂದೇ ಮಾತು ಮೂರು ಸಲ ಬರುತ್ತಿತ್ತು. ಆಮೇಲೆ ಪ್ಲೇಟು ಹಾಕುವವನು ಕೈಯಿಂದ ನೂಕುತ್ತಿದ್ದ, ಮೈಕಿನಲ್ಲಿ 'ಟಕ್' ಅಂತ ಕೇಳುತ್ತಿತ್ತು, ಹಾಡು ಮುಂದೆ ಹೋಗುತ್ತಿತ್ತು. ಆ ಹಾಡು ನನಗೆ ಹಿಡಿಸಿತ್ತು. ಕಾರಣ ಕೇಳಬೇಡಿ. ಸೊಪ್ಪು ಬಿಡಿಸುತ್ತಾ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ, ಗೀರನ್ನೂ ಸೇರಿಸಿ.

ನಮ್ಮ ಅತ್ತೆಗೆ ಕಿವಿ ಏನೇನೂ ಕೇಳುತ್ತಿರಲಿಲ್ಲ. ನಾನು ಮದುವೆಯಾಗಿ ಬರುವ ಹೊತ್ತಿಗೇ ಒಂದು ವಿಷಮ ಜ್ವರದಲ್ಲಿ ಎರಡೂ ಕಿವಿ ಹೋಗಿದ್ದವು. ಬೆನ್ನ ಹಿಂದೆ ತುಂಬಿದ ಬಿಂದಿಗೆ ಬಿದ್ದರೂ ತಿರುಗುತ್ತಿರಲಿಲ್ಲ. ಏನು ಹೇಳಬೇಕಾದರೂ ಕೈಸನ್ನೆ. ನನ್ನ ತುಟಿ ಅಲ್ಲಾಡುವುದು ಕಂಡರೆ ಮಾತ್ರ ಊರಿಗೆಲ್ಲ ಕೇಳುವ ಹಾಗೆ, "ಯಾರತ್ರ ಮಾತಾಡ್ತೀಯೇ ಒಬ್ಬಳೇ? ನನ್ನನ್ನೇ ಬೈತಿದ್ದೀಯಾ?" ಅನ್ನುತ್ತಿದ್ದರು. ಕೆಲವು ಸಲ ಬೈಯುತ್ತಲೂ ಇದ್ದೆ, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಮಳೆಗಾಲದ ಬಾಗಿಲಲ್ಲಿ ಅತ್ತೆಗೆ ಉಬ್ಬಸ ವಿಪರೀತ ಆಯಿತು. ಬಸವನಗುಡಿಯ ಡಾಕ್ಟರು ಒಂದು ಸೀಸೆ ಔಷಧಿ ಕೊಟ್ಟರು. ಸೀಸೆಯ ಪಕ್ಕಕ್ಕೆ, ಒಂದೊಂದು ಸಲಕ್ಕೆ ಎಷ್ಟು ಅಂತ ತಿಳಿಯುವ ಹಾಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿತ್ತು. ಬೆಳಿಗ್ಗೆ ಆರಕ್ಕೆ ಒಂದು ಹಲ್ಲು, ಸಂಜೆ ಆರಕ್ಕೆ ಒಂದು ಹಲ್ಲು. ತಡವಾದರೆ ಉಸಿರು ಕಟ್ಟುತ್ತದೆ, ಹೊತ್ತಿಗೆ ಮುಂಚೆ ಕೊಟ್ಟರೆ ಎದೆ ತಡೆಯುವುದಿಲ್ಲ ಅಂತ ಎರಡೆರಡು ಸಲ ಹೇಳಿ ಕಳಿಸಿದರು. ಬೆಳಿಗ್ಗೆಯದಕ್ಕೆ ಚಿಂತೆ ಇರಲಿಲ್ಲ, ಆರಕ್ಕೆ ಮೊದಲ ಬಸ್ಸು ಬಂದು ಹಾರ್ನ್ ಹೊಡೆಯುತ್ತಿತ್ತು. ಸಂಜೆಯದಕ್ಕೆ ಟೆಂಟು ಇತ್ತಲ್ಲ. ದೇವರ ಹಾಡಿಗೆ ಸೀಸೆ ಕುಲುಕುವುದು, ಗೀರಿನ ಪ್ಲೇಟಿಗೆ ಕುಡಿಸುವುದು ಅಂತ ಲೆಕ್ಕ ಹಾಕಿದೆ.

ಮೊದಲನೇ ದಿನವೇ ಟೆಂಟಿನಲ್ಲಿ ಕರೆಂಟು ಕೈಕೊಟ್ಟಿತು. ಪ್ಲೇಟು ಹಾಕಿದ್ದು ಒಂದು ಗಂಟೆ ತಡವಾಗಿ. ಅಷ್ಟರಲ್ಲಿ ಅತ್ತೆಯ ತುಟಿ ನೇರಳೆ ಬಣ್ಣಕ್ಕೆ ತಿರುಗಿ, ಕಣ್ಣು ಮೇಲಕ್ಕೆ ಹೋಗಿತ್ತು. ಹೇಗೋ ಉಳಿದರು. ಸುದ್ದಿ ಕೇಳಿ ಕೋಣನಕುಂಟೆಯಿಂದ ಅತ್ತಿಗೆ, ಅಂದರೆ ನಮ್ಮ ಯಜಮಾನರ ಅಕ್ಕ, ಓಡಿ ಬಂದರು. ಎಲ್ಲ ಕೇಳಿಕೊಂಡು ಸೊಂಟದ ಮೇಲೆ ಕೈಯಿಟ್ಟು, "ಸೀಸೆನ ಟೆಂಟ್‌ನೋರ ಕೈಗೇ ಕೊಟ್ಬಿಡಮ್ಮಿ. ಪ್ಲೇಟು ಹಾಕಿ ಅವ್ರೇ ಬಂದು ಕುಡಿಸ್ಲಿ," ಅಂದರು. ಆಮೇಲೆ ದನಿ ಇಳಿಸಿ ಇನ್ನೊಂದು ಮಾತು ಹೇಳಿದರು. "ಇನ್ನೊಂದು ಸಲ ಹೊತ್ತು ತಪ್ಪಿ ನಮ್ಮವ್ವ ಹೋದ್ರೆ, ಕೊಂದೋಳು ನೀನು ಅಂತಲೇ ನಾನು ಅನ್ನೋದು. ನೆನಪಿಟ್ಕೋ."

ಅದರಲ್ಲಿ ತಪ್ಪೇನೂ ಇರಲಿಲ್ಲ. ಅವರ ತಾಯಿ. ನಾನಾಗಿದ್ದರೂ ಅದನ್ನೇ ಅನ್ನುತ್ತಿದ್ದೆ. ಯಜಮಾನರು ಪೇಟೆಯಿಂದ ಗಡಿಯಾರ ತರುತ್ತೇನೆ ಅಂದರು. ಎರಡನೇ ದಿನ ತರಲಿಲ್ಲ. ಟೆಂಟು ಹೊತ್ತಿಗೆ ಸರಿಯಾಗಿ ಹಾಡಿತು, ಬಚಾವಾದೆ.

ಮೂರನೇ ದಿನದ ಮಾತು ಇದು. ಬೆಳಗಿನಿಂದ ಮೋಡ, ಮಧ್ಯಾಹ್ನದಿಂದ ಮಳೆ. ಯಜಮಾನರು ಸೊಪ್ಪಿನ ಗಾಡಿ ಹೊಡೆದುಕೊಂಡು ಮಾರ್ಕೆಟ್ಟಿಗೆ ಹೋದವರು ಬಂದಿರಲಿಲ್ಲ. ಅತ್ತಿಗೆ ತಮ್ಮ ದನಕರು ನೋಡಿಕೊಂಡು ಬೆಳಿಗ್ಗೆ ಬರುತ್ತೇನೆ ಅಂತ ಕೋಣನಕುಂಟೆಗೆ ಹೋಗಿದ್ದರು. ಎರಚಲು ಒಳಕ್ಕೆ ಬರುತ್ತಿದ್ದುದರಿಂದ ಬಾಗಿಲು ಹಾಕಿದ್ದೆ. ಬಿಸಿಲು ಇಲ್ಲ, ನೆರಳು ಇಲ್ಲ. ಹಗಲೆಲ್ಲ ಒಂದೇ ಸಮ ಬೂದಿ ಬಣ್ಣ. ಮೂರೋ, ಐದೋ, ಏಳೋ ಹೇಳುವ ಹಾಗಿರಲಿಲ್ಲ. ಎರಡು ರಾತ್ರಿ ನಿದ್ದೆ ಕೆಟ್ಟಿದ್ದೆ. ಗೋಡೆಗೆ ಒರಗಿದವಳಿಗೆ ಕಣ್ಣು ಹತ್ತಿರಬಹುದು. ಹತ್ತಿರಲಿಲ್ಲ ಅಂತ ನಾನು ಪ್ರಮಾಣ ಮಾಡುವುದಿಲ್ಲ.

ಹಾಡು ಕೇಳಿಸಿತು. ಏರಿಯ ಕಡೆಯಿಂದ, ಮಳೆಯೊಳಗಿಂದ ತೆಳ್ಳಗೆ, ಆ ಹೆಂಗಸಿನ ದನಿ. ದೇವರ ಹಾಡು ಬಂದೇ ಇರಲಿಲ್ಲ. ಅದು ನಿದ್ದೆಯಲ್ಲಿ ತಪ್ಪಿಹೋಗಿರಬೇಕು ಅಂದುಕೊಂಡು ಎದ್ದೆ. ಸೀಸೆ ಕುಲುಕುತ್ತಾ ಮಂಚದ ತಲೆಯ ಕಡೆ, ಅತ್ತೆಯ ಬೆನ್ನ ಹಿಂದೆ ನಿಂತೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನ್ನ ತುಟಿ ಅವರಿಗೆ ಕಾಣುವ ಹಾಗಿರಲಿಲ್ಲ. ಇದನ್ನು ಗಮನದಲ್ಲಿಡಿ.

ಅವರ ಬಲಗೈ ಮಂಚದ ಪಟ್ಟಿಯ ಮೇಲಿತ್ತು. ತೋರುಬೆರಳು ಮರವನ್ನು ತಟ್ಟುತ್ತಿತ್ತು. ಕಾಯಿಲೆಯ ನಡುಕ ಅಂದುಕೊಂಡೆ. ನೋಡಿದರೆ ತಾಳ. ಹಾಡಿನ ತಾಳ. ನಾನು ಅಲ್ಲೇ ನಿಂತೆ. ಎರಡನೇ ನುಡಿ ಬಂತು, ಗೀರು ಬಂತು, ಮುಳ್ಳು ಸಿಕ್ಕಿಕೊಂಡಿತು. ಬೆರಳು ಕೂಡ ಸಿಕ್ಕಿಕೊಂಡಿತು. ಅವಸರವಾಗಿ ಮೂರು ಸಲ ತಟ್ಟಿ, ಮೇಲಕ್ಕೆದ್ದು, ಕಾಯುವ ಹಾಗೆ ಗಾಳಿಯಲ್ಲಿ ನಿಂತಿತು. 'ಟಕ್' ಅಂದಿತು. ಬೆರಳು ಇಳಿದು ಮುಂದೆ ಹೋಯಿತು.

ಅತ್ತೆ ತಿರುಗದೆಯೇ, "ಬಂತಲ್ಲ, ನಿಂತ್ಕೊಂಡು ಏನ್ ನೋಡ್ತೀಯಾ? ಔಷಧಿ ಹಾಕು," ಅಂದರು.

ಹಾಕಿದೆ. ಹಲ್ಲು ನೋಡಿ, ಅಳತೆ ಸರಿಯಾಗಿ ಕುಡಿಸಿದೆ. ಬಾಯಿ ಒರೆಸಿ, ಗಾಳಿ ಬೇಕು ಅನ್ನಿಸಿ ಬಾಗಿಲು ತೆಗೆದೆ.

ಜಗಲಿಯ ಮೇಲೆ ನಮ್ಮೂರ ಸ್ಕೂಲಿನ ಮೇಷ್ಟ್ರು ಸೈಕಲ್ಲು ಒರಗಿಸಿಕೊಂಡು, ಮಳೆಗೆ ಮುದುಡಿ ಕೂತಿದ್ದರು. ಸದ್ಯ ಒಬ್ಬ ಮನುಷ್ಯ ಸಿಕ್ಕಿದ ಅಂತ, ಮಾತಿಗೆ ಮಾತು ಬರಲಿ ಅಂತ, "ಮಳೆಯಲ್ಲೂ ಹಾಡು ನಿಲ್ಸಿಲ್ಲ ನೋಡಿ ಮೇಷ್ಟ್ರೇ," ಅಂದೆ.

"ಯಾವ ಹಾಡಮ್ಮ?"

"ಟೆಂಟಿಂದು."

ಅವರು ನನ್ನ ಮುಖ ನೋಡಿದರು. "ಟೆಂಟು ಎಲ್ಲಿದೆ? ಮಳೆ ಹಿಡೀತು ಅಂತ ಮಧ್ಯಾಹ್ನವೇ ಗಾಡಿಗೆ ಹೇರ್ಕೊಂಡು ಕೋಣನಕುಂಟೆ ಕಡೆ ಹೋದ್ರಲ್ಲ. ನಾನಿಲ್ಲಿ ಅರ್ಧ ಗಂಟೆಯಿಂದ ಕೂತಿದ್ದೀನಿ. ಕಪ್ಪೆ ಸದ್ದು ಬಿಟ್ರೆ ಇನ್ನೇನೂ ಇಲ್ಲ."

ಕಿವಿಗೊಟ್ಟೆ. ಕಪ್ಪೆ, ಮಳೆ. ಹಾಡು ಇರಲಿಲ್ಲ. ಆಗ ನನಗೆ ಬಂದ ಯೋಚನೆ ದೆವ್ವದ್ದಲ್ಲ. ಹಾಗಾದರೆ ನಾನು ಎಷ್ಟು ಹೊತ್ತಿಗೆ ಔಷಧಿ ಕೊಟ್ಟೆ ಅನ್ನುವುದು. ಇನ್ನೂ ನಾಲ್ಕು ಗಂಟೆಯಾಗಿದ್ದರೆ? ಎದೆ ತಡೆಯುವುದಿಲ್ಲ ಅಂದಿದ್ದರು. ಅತ್ತಿಗೆಯ ಮಾತು ತಲೆಯಲ್ಲಿ ಗುಂಯ್ ಅಂದಿತು. ಮೇಷ್ಟ್ರ ಕೈಗಡಿಯಾರದ ಕಡೆ ಬೆರಳು ತೋರಿಸಿದೆ. ಅವರು ತೋಳು ಸರಿಸಿ ನೋಡಿ ಹೇಳಿದರು.

"ಆರೂ ಹತ್ತು."

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಹೆಂಗಸರು ಹೊಸ್ತಿಲ ಮೇಲೆ ಕೂರಬಾರದು ಅಂತ ಮೇಷ್ಟ್ರು ಏನೋ ಅಂದರು. ನಾನು ಏಳಲಿಲ್ಲ.

ರಾತ್ರಿ ಯಜಮಾನರು ಬಂದರು. ಲಾಟೀನು ಹಿಡಿದು ಏರಿಯ ಆಚೆ ಹೋಗಿ ನೋಡಿಕೊಂಡು ಬಂದು, "ಬೊಂಬು ನೆಟ್ಟಿದ್ದ ಗುಂಡಿ ಅವೆ. ನೀರು ತುಂಬ್ಕೊಂಡವೆ. ನಿಂಗೆ ನಿದ್ದೆ ಕಮ್ಮಿ ಆಗದೆ, ಮಲಕ್ಕೋ," ಅಂದರು. ಅತ್ತೆ ನೆಮ್ಮದಿಯಾಗಿ ಉಸಿರಾಡುತ್ತಾ ಮಲಗಿದ್ದರು, ಮೂರು ದಿನದಲ್ಲಿ ಮೊದಲನೇ ಸಲ.

ಬೆಳಿಗ್ಗೆ ಅತ್ತಿಗೆ ಬಂದವರೇ ಸೀಸೆ ಬೆಳಕಿಗೆ ಹಿಡಿದು ಹಲ್ಲು ಎಣಿಸಿದರು. ಸರಿಯಾಗಿತ್ತು. ಹಾಡಿನ ವಿಷಯ ಹೇಳಿದೆ. "ಮೇಷ್ಟ್ರನ್ನ ಗಂಟೆ ಕೇಳಿ ಕೊಟ್ಟಿದ್ದೀಯಾ, ಈಗ ಕತೆ ಕಟ್ತೀಯಾ," ಅಂತ ನಕ್ಕರು. ಗಾಳಿ ಕೋಣನಕುಂಟೆ ಕಡೆಯಿಂದ ಬೀಸಿ, ಟೆಂಟಿನವರು ದಾರಿಯಲ್ಲಿ ಎಲ್ಲಾದರೂ ಪ್ಲೇಟು ಹಾಕಿದ್ದರೇನೋ ಅಂದೆ. ಅತ್ತಿಗೆಯ ನಗು ನಿಂತಿತು. ಟೆಂಟಿನ ಗಾಡಿ ಕೆಸರಲ್ಲಿ ಹೂತು ಅವರ ಮನೆ ಮುಂದೆಯೇ ನಿಂತಿತ್ತಂತೆ. ಪ್ಲೇಟಿನ ಪೆಟ್ಟಿಗೆ ನೆನೆಯಬಾರದು ಅಂತ ಒಳಗಿಟ್ಟುಕೊಳ್ಳಿ ಅಂದರಂತೆ. "ಸಂಜೆಯೆಲ್ಲ ಅದರ ಮೇಲೇ ಕೂತು ಬಿತ್ತನೆಗೆ ಕಡ್ಲೆಕಾಯಿ ಬಿಡಿಸಿದೀನಿ ಕಣೇ. ಬೀಗ ಹಾಕಿತ್ತು," ಅಂದರು. ಅಷ್ಟು ಹೇಳಿ ಸೀಸೆ ಕೆಳಗಿಟ್ಟರು. ಆಮೇಲೆ ನನ್ನನ್ನು ಆ ವಿಷಯದಲ್ಲಿ ಒಂದು ದಿನವೂ ಆಡಿಕೊಳ್ಳಲಿಲ್ಲ.

ಅತ್ತೆ ಚೇತರಿಸಿಕೊಂಡರು. ಹದಿನೈದು ದಿನ ಕಳೆದ ಮೇಲೆ ಸನ್ನೆ ಮಾಡಿ ಕೇಳಿದೆ. ಕಿವಿ ಮುಟ್ಟಿ, ಏರಿಯ ಕಡೆ ತೋರಿಸಿ, ಮಂಚದ ಪಟ್ಟಿಯನ್ನು ಮೂರು ಸಲ ತಟ್ಟಿದೆ. ಅವರಿಗೆ ಸಿಟ್ಟು ನೆತ್ತಿಗೇರಿತು. "ಹಾಡಂತೆ! ಕಿವುಡಿ ಅಂತ ಆಟ ಆಡಿಸ್ತೀಯೇನೇ? ಹೋಗು, ಒಲೆ ನೋಡು," ಅಂದರು. ಆಮೇಲೆ ಆರು ವರ್ಷ ಬದುಕಿದರು. ಆ ಬೆರಳನ್ನು ನಾನು ಆರು ವರ್ಷವೂ ನೋಡಿದೆ. ಒಂದು ದಿನವೂ ತಟ್ಟಲಿಲ್ಲ.

ಮೊಮ್ಮಗಳು ಕೇಳಿ ಮೂರು ಕಾರಣ ಹೇಳಿದಳು, ಓದಿದವಳು. ನಿದ್ದೆಗಣ್ಣಲ್ಲಿ ಹಾಡು ನಿನ್ನ ತಲೆಯೊಳಗೇ ಬಂತು ಅಂದಳು. ಬಂದಿರಲಿ, ಆರು ಗಂಟೆ ಅಂತ ತಲೆಗೆ ಹೇಳಿದವರು ಯಾರು? ದಿನಾ ಕೇಳಿದ ಅಭ್ಯಾಸ, ಮೈಗೇ ಹೊತ್ತು ತಿಳಿಯುತ್ತೆ ಅಂದಳು. ಅದನ್ನೂ ಒಪ್ಪೋಣ. ಮುತ್ತಜ್ಜಿ ಕಿವಿ ಹೋಗುವ ಮೊದಲು ಆ ಹಾಡು ಕೇಳಿದ್ದಿರಬಹುದು, ಕಾಯಿಲೆಯಲ್ಲಿ ನೆನಪಾಯಿತು ಅಂದಳು. ಅದೂ ಇರಬಹುದು. ಆದರೆ ಅವರಿಗೆ ನೆನಪಾಗಬೇಕಾದದ್ದು ಹಾಡು. ಗೀರು ಅಲ್ಲ. ಗೀರು ಇದ್ದದ್ದು ನಮ್ಮ ಟೆಂಟಿನ ಆ ಒಂದು ಪ್ಲೇಟಿನ ಮೇಲೆ ಮಾತ್ರ, ಅದು ಬಂದಾಗ ಅವರಿಗೆ ಕಿವಿಯೇ ಇರಲಿಲ್ಲ. ನಾನು ಅರವತ್ತು ವರ್ಷದಿಂದ ಅಲ್ಲಿಯೇ ನಿಂತಿದ್ದೇನೆ, ನೂಕುವವರು ಯಾರೂ ಸಿಕ್ಕಿಲ್ಲ.

ಟೆಂಟು ನಿಲ್ಲುತ್ತಿದ್ದ ಬಯಲಿನಲ್ಲಿ ಈಗ ಅಪಾರ್ಟ್‌ಮೆಂಟು. ಮೊಮ್ಮಗಳು ಫೋನಿನಲ್ಲಿ ಹಾಕಿದ್ದು ಅದೇ ಹಾಡು. ಎರಡನೇ ನುಡಿಯಲ್ಲಿ ನಾನು ಕಾದೆ. ಅದು ನೀರಿನ ಹಾಗೆ ಜಾರಿಕೊಂಡು ಹೋಯಿತು. ಚೆನ್ನಾಗಿದೆ ಅಂದೆ, ಅವಳ ಸಮಾಧಾನಕ್ಕೆ. ನನಗೆ ಗೊತ್ತಿದ್ದ ಹಾಡು ಅದಲ್ಲ.

ಈಗ ನನ್ನ ಕಿವಿಯೂ ಹೋಗುತ್ತಿದೆ. ಎಡಗಡೆ ಪೂರಾ ಇಲ್ಲ, ಬಲಗಡೆ ಅರ್ಧ. ಜಯನಗರದ ಡಾಕ್ಟರು ಕೊಟ್ಟ ಮಿಷನ್ನು ಗೂಡಿನಲ್ಲಿದೆ, ಕಿರಿಕಿರಿ. ಮನೆಯವರಿಗೆಲ್ಲ ಒಂದು ಮಾತು ಹೇಳಿಟ್ಟಿದ್ದೇನೆ. ಯಾವತ್ತಾದರೂ ನಾನು ಮಲಗಿರುವಾಗ ಬೆರಳು ಮಂಚವನ್ನು ತಟ್ಟಿ, ಮೂರು ಸಲ ಅವಸರ ಮಾಡಿ ಮೇಲೆ ನಿಂತರೆ, ಅಳಬೇಡಿ, ನನ್ನನ್ನು ಏನೂ ಕೇಳಬೇಡಿ, ಕೇಳಿದರೂ ನಾನು ಬೈಯುತ್ತೇನೆ. ಸುಮ್ಮನೆ ಗಡಿಯಾರ ನೋಡಿ ಎಷ್ಟು ಗಂಟೆ ಅಂತ ಬರೆದಿಡಿ.