ಪೈ ಕಿಂಡಿಯ ಕೀಲಿಕೈ

ನೋರಾ ಬಾರ್‌ಸ್ಟೋ ಹಾಡುವ ಹುಡುಗಿಯರ ಮೊದಲ ರೆಕಾರ್ಡನ್ನಷ್ಟೇ ಕೊಳ್ಳುತ್ತಿದ್ದಳು. ಎರಡನೆಯದನ್ನು ಪುಕ್ಕಟೆ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಆ ಅರವತ್ತರ ದಶಕದಲ್ಲಿ ವಾರಕ್ಕೊಬ್ಬಳಂತೆ ಹೊಸ ಹಾಡುಗಾರ್ತಿ ಹುಟ್ಟುತ್ತಿದ್ದಳು. ನಿನ್ನೆ ಯಾವುದೋ ಆಫೀಸಿನಲ್ಲಿ ಟೈಪು ಮಾಡುತ್ತಿದ್ದವಳು ಇವತ್ತು ರೇಡಿಯೋದಲ್ಲಿ! ಇಂಗ್ಲೆಂಡಿನ ಬಾರ್ನ್ಸ್‌ಲಿ ಊರಿನ ಮಿಠಾಯಿ ಕಾರ್ಖಾನೆಯಲ್ಲಿ ಟಾಫಿಗೆ ಕಾಗದ ಸುತ್ತುತ್ತ ಕೂತ ನೋರಾ ಮೂರು ಸಲ ಕೇಳಿದರೆ ಸಾಕು, ಹಾಡು ಬಾಯಿಗೆ ಬಂದುಬಿಡುತ್ತಿತ್ತು.

"ಎರಡನೇದಕ್ಕೆ ಏನು ರೋಗ ಬಂತೇ?" ಎಂದು ಪಕ್ಕದಲ್ಲಿ ಕೂರುವ ಪೆಗ್ಗಿ ಒಮ್ಮೆ ಕೇಳಿದಳು.

"ಮೊದಲನೇದು ಹಾಡುವಾಗ ಹೆಂಗೆ ಹಾಡ್ಬೇಕು ಅಂತ ಅವಳಿಗೇ ಗೊತ್ತಿರಲ್ಲ ಕಣೇ, ಬಾಯಿಗೆ ಬಂದಂಗೆ ಹಾಡ್ತಾಳೆ. ಎರಡನೇದು ಬರೋಷ್ಟರಲ್ಲಿ ಯಾವನೋ ಬುದ್ಧಿ ಹೇಳಿರ್ತಾನೆ."

ನೋರಾಳಿಗೆ ಆಗ ನಲವತ್ಮೂರು. ಗಂಡ ಸ್ಟ್ಯಾನ್ಲಿ ಕಲ್ಲಿದ್ದಲ ಗಣಿಯವನು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವಳಿಗಿದ್ದದ್ದು ಒಂದೇ ಆಸೆ. ಗಣಿಯವರ ಕ್ಲಬ್ಬಿನ ವೇದಿಕೆಯ ಮೇಲೆ ನಿಂತು ಒಂದು ಹಾಡನ್ನು, ಒಂದೇ ಒಂದನ್ನು, ಪೂರ್ತಿ ಹಾಡಬೇಕು.

ಹೇಳುವುದು ಸುಲಭ. ಕ್ಲಬ್ಬು ಗಂಡಸರದ್ದು. ಹೆಂಗಸರು ಗಂಡನ ತೋಳು ಹಿಡಿದು ಬಂದು, ಗಂಡ ತಂದುಕೊಟ್ಟದ್ದನ್ನು ಕುಡಿದು, ಗಂಡನ ಜೊತೆ ಹೋಗಬೇಕು. ಅದೂ ಸಾಲದು ಎಂಬಂತೆ ಅಲ್ಲೊಬ್ಬ ಕ್ಲಿಫರ್ಡ್ ಆಡಿ ಇದ್ದ. ವಾರವಾರ ಯಾರು ಹಾಡಬೇಕೆಂದು ಗೊತ್ತುಮಾಡುವ ಕಾರ್ಯದರ್ಶಿ, ನೋರಾ ಎಷ್ಟು ಸಲ ಕೇಳಿದರೂ ಆಗದು ಎಂದವನು. ನೋರಾಳ ಹಿಂದಿನ ಬೀದಿಯವನೇ, ಆದರೆ ಕ್ಲಬ್ಬಿನಲ್ಲಿ ಅವನ ಗತ್ತು ನೋಡಬೇಕಿತ್ತು! ವೇದಿಕೆಯ ಮೇಲೆ ಯಾರೇ ಇರಲಿ, ಬೇಕರಿಯಿಂದ ಬಿಸಿ ಬಿಸಿ ಮಾಂಸದ ಪೈ ಬಂದ ತಕ್ಷಣ ಮೈಕು ಕಿತ್ತುಕೊಂಡು "ಪೈ ಬಂತು!" ಎಂದು ಕೂಗುತ್ತಿದ್ದ. ಇಡೀ ಸಭೆ ಎದ್ದು ಪೈ ಮಾರುವ ಕಿಂಡಿಗೆ ನುಗ್ಗುತ್ತಿತ್ತು. ಒಮ್ಮೆ ಜಾದೂಗಾರನೊಬ್ಬ ಪೆಟ್ಟಿಗೆಯೊಳಗಿನ ಹೆಂಗಸನ್ನು ಎರಡು ತುಂಡು ಮಾಡಿದ ಹೊತ್ತಿಗೆ ಸರಿಯಾಗಿ ಪೈ ಬಂತು. ಪಾಪ, ಅವಳು ತುಂಡಾಗಿಯೇ ಇಪ್ಪತ್ತು ನಿಮಿಷ ಮಲಗಿದ್ದಳು.

ಅರವತ್ತೈದರ ನವೆಂಬರಿನ ಒಂದು ಶನಿವಾರ ಸಂಜೆ, ಹಾಡಬೇಕಿದ್ದವನ ವ್ಯಾನು ದಾರಿಯಲ್ಲೇ ಕೆಟ್ಟು ಕೂತಿತು. ಕ್ಲಿಫರ್ಡ್ ಬೆವರು ಒರೆಸಿಕೊಳ್ಳುತ್ತ ನೋರಾಳ ಮೇಜಿಗೆ ಬಂದ.

"ನೋಡಮ್ಮ ನೋರಾ, ಬೇರೆ ಗತಿ ಇಲ್ಲ, ಅದಕ್ಕೇ ಕೇಳ್ತಿದೀನಿ. ಒಂದು ಹಾಡು."

"ಪೂರ್ತಿ?"

"ಪೈ ಬರೋವರೆಗೆ. ಪೈ ಬಂದಾಗ ಜನ ಎದ್ದುಹೋದ್ರೆ ಅಲ್ಲಿಗೆ ಮುಗೀತು. ಆಮೇಲೆ ಜನ್ಮದಲ್ಲಿ ನನ್ನ ಕೇಳ್ಕೂಡ್ದು."

"ಆಗ್ಲಿ ಕ್ಲಿಫ್. ಒಂದ್ನಿಮಿಷ, ಮೂಗಿಗೆ ಪೌಡರ್ ಹಾಕ್ಕೊಂಡು ಬರ್ತೀನಿ."

ಶನಿವಾರಗಳಲ್ಲಿ ಪೈ ಕಿಂಡಿಯ ಹಿಂದೆ ನಿಲ್ಲುತ್ತಿದ್ದವಳು ಪೆಗ್ಗಿ. ನೋರಾ ಹೋದದ್ದು ಅಲ್ಲಿಗೆ. ಮರಳಿದಾಗ ಮೂಗು ಇದ್ದ ಹಾಗೇ ಇತ್ತು, ರವಿಕೆಯ ಕತ್ತನ್ನು ಮಾತ್ರ ಸರಿಮಾಡಿಕೊಳ್ಳುತ್ತಿದ್ದಳು.

ಅವಳು ಆರಿಸಿದ್ದು ಜೂನ್ ಟಾರೆಂಟ್ ಎಂಬವಳ ಮೊದಲ ಹಾಡು. ಹಲ್ ಎಂಬ ಊರಿನ ಬಂದರಿನಲ್ಲಿ ಮೀನು ಡಬ್ಬಿಗೆ ತುಂಬುತ್ತಿದ್ದ ಹದಿನಾರರ ಹುಡುಗಿ. ಬಸ್ ಸ್ಟಾಪಿಗೆ ಬರುತ್ತೇನೆಂದು ಹೇಳಿ ಕೈಕೊಟ್ಟವನಿಗೆ, ಬಸ್ಸೂ ಹೋಯಿತು, ನಾನೂ ಹೋದೆ ಎಂದು ಹೇಳುವ ಹಾಡು. ನೋರಾ ಎರಡನೇ ಚರಣಕ್ಕೆ ಬಂದಿದ್ದಳಷ್ಟೆ, ಹಿಂಬಾಗಿಲಿನಿಂದ ಪೈ ವಾಸನೆ ಘಮ್ಮೆಂದಿತು. ಕ್ಲಿಫರ್ಡ್ ಮೆಟ್ಟಿಲು ಹತ್ತಿ ಮೈಕು ಕಿತ್ತುಕೊಂಡ.

"ಪೈ ಬಂತು!"

ದಡಬಡ ಎದ್ದರು. ಕಿಂಡಿಯ ಮುಂದೆ ಸಾಲು ಬೆಳೆಯಿತು, ಆದರೆ ಕಿಂಡಿ ತೆರೆಯಲಿಲ್ಲ. ಗಾಜಿನ ಆಚೆ ಪೆಗ್ಗಿ, ಪೈಗಳನ್ನು ಮುಂದಿಟ್ಟುಕೊಂಡು, ನಾನೇನು ಮಾಡಲಿ ಎಂಬಂತೆ ಕೈ ಆಡಿಸಿದಳು. ಆಗ ನೋರಾ ರವಿಕೆಯೊಳಗಿಂದ ಕೀಲಿಕೈ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಹಾಡು ಮುಗೀಲಿ, ಆಮೇಲೆ ಪೈ. ಕೂತ್ಕೊಳ್ಳಿ!"

"ಲೋ ಸ್ಟ್ಯಾನ್ಲಿ, ನಿನ್ ಹೆಂಡ್ತಿಗೆ ಹೇಳೋ!" ಎಂದು ಕ್ಲಿಫರ್ಡ್ ಅರಚಿದ.

"ಇಪ್ಪತ್ತೆರಡು ವರ್ಷದಿಂದ ಹೇಳ್ತಾನೇ ಇದೀನಿ. ನೀನೊಂದ್ಸಲ ಹೇಳ್ನೋಡು," ಎಂದ ಸ್ಟ್ಯಾನ್ಲಿ. ಅವತ್ತಿನ ಮಾತಿನ ಲೆಕ್ಕ ಅಲ್ಲಿಗೆ ಖರ್ಚಾಯಿತು.

ಸಭೆ ಗೊಳ್ಳೆಂದು ನಕ್ಕು, ಗೊಣಗುತ್ತ ಕೂತಿತು. ನೋರಾ ಮೈಕು ವಾಪಸು ಕೇಳಲಿಲ್ಲ. ಮೊದಲಿಂದ ಶುರುಮಾಡಿದಳು. ಟಾಫಿ ಯಂತ್ರಗಳ ಸದ್ದಿನ ಮೇಲೆ ಹಾಡಿ ಪಳಗಿದ ಗಂಟಲು, ಮೈಕು ಯಾರಿಗೆ ಬೇಕು! ಕೊನೆಯ ಎತ್ತರದ ಸ್ವರದಲ್ಲಿ ದನಿ ಒಡೆಯಿತು. ಒಡೆದರೆ ಒಡೆಯಲಿ ಎಂದು ಅಲ್ಲೇ ನಿಂತಳು, ಉಸಿರು ಮುಗಿಯುವವರೆಗೆ. ಇಷ್ಟು ಸುಖ ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಹಸಿದ ಇನ್ನೂರು ಜನ ಪೈ ಮರೆತು ಚಪ್ಪಾಳೆ ತಟ್ಟಿದರು, ಇನ್ನೊಂದು ಇನ್ನೊಂದು ಎಂದು ಮೇಜು ಗುದ್ದಿದರು. ಕೀಲಿಕೈ ಪೆಗ್ಗಿಗೆ ಹೋಯಿತು.

ಕ್ಲಿಫರ್ಡ್ ಹತ್ತಿರ ಬಂದ. ಮುಖ ಕೆಂಪಾಗಿತ್ತು, ಆದರೆ ಕಣ್ಣು ಒದ್ದೆ.

"ಮುಂದಿನ ಶನಿವಾರಾನೂ ನಿಂದೇ ನೋರಾ. ಒಂದ್ಮಾತು, ಆ ಕೊನೇದ್ರಲ್ಲಿ ದನಿ ಸ್ವಲ್ಪ ಇಳಿಸ್ಕೊಂಡ್ರೆ..."

ನೋರಾ ಜೋರಾಗಿ ನಕ್ಕುಬಿಟ್ಟಳು. "ಬಂತು ನೋಡು ಬುದ್ಧಿಮಾತು! ಬೇಡ ಕ್ಲಿಫ್. ನಂಗೆ ಹೊಟ್ಟೆ ತುಂಬ್ತು."

ಅವಳು ಆ ವೇದಿಕೆ ಮತ್ತೆ ಹತ್ತಲಿಲ್ಲ. ಎರಡು ವರ್ಷ ಕ್ಲಿಫರ್ಡ್ ದುಂಬಾಲು ಬಿದ್ದ, ಆಮೇಲೆ ಬಿಟ್ಟ.

ಮೂರನೆಯ ಚಳಿಗಾಲದಲ್ಲಿ ಕಾರ್ಖಾನೆಯ ಹೊಸ ಹುಡುಗಿಯೊಬ್ಬಳು ಹೆದರುತ್ತ ಹೆದರುತ್ತ ಮೊದಲ ಸಲ ಅಲ್ಲಿ ಹಾಡಲು ನಿಂತಳು. ಅರ್ಧ ಹಾಡಿಗೆ ಪೈ ವಾಸನೆ ಬಂತು. ಜನ ಕುರ್ಚಿ ಸರಿಸಿ ಕ್ಲಿಫರ್ಡ್‌ನ ಕಡೆ ನೋಡಿದರು. ಅವನು ಕದಲಲಿಲ್ಲ. ಕೋಟಿನ ಜೇಬಿನಿಂದ ಕಿಂಡಿಯ ಕೀಲಿಕೈ ತೆಗೆದು, ಎಲ್ಲರಿಗೂ ತೋರಿಸಿ, ಮತ್ತೆ ಜೇಬಿಗೇ ಹಾಕಿಕೊಂಡ.

ಹಾಡು ಮುಗಿದ ಮೇಲೆ ಅವನು ಆ ಹುಡುಗಿಯ ಕಡೆ ಹೊರಟದ್ದನ್ನು ನೋಡಿ ನೋರಾ ಅವನ ಕೋಟಿನ ತುದಿ ಹಿಡಿದೆಳೆದಳು.

"ಚೆನ್ನಾಗಿತ್ತು ಅನ್ನು, ಅಷ್ಟೇ. ಬೇರೇನಾದ್ರೂ ಅಂದ್ಯೋ, ನೋಡ್ಕೋ!"