ನಾನು ಓದಿದ ಒಂದು ಶಬ್ದ

ಸೊಲ್ಲಾಪುರದ ಗಿರಣಿಯಲ್ಲಿ ನಾನು ಹನ್ನೊಂದು ವರ್ಷ ದುಡಿದೆ. ಬಾಬಿನ್ನಿಗೆ ನೂಲು ಸುತ್ತುವುದು, ಕಡಿದ ಎಳೆಗೆ ಗಂಟು ಹಾಕುವುದು, ಇಷ್ಟೇ ಕೆಲಸ. ಎಪ್ಪತ್ತರ ದಶಕದ ನಡುವೆ ಅದಕ್ಕೂ ಕಲ್ಲು ಬಿತ್ತು. ಹತ್ತಿ ಇಲ್ಲ, ಕರೆಂಟ್ ಇಲ್ಲ ಎಂದು ವಾರಕ್ಕೆ ಮೂರೇ ದಿನ ಕೆಲಸ ಕೊಟ್ಟರು. ಉಳಿದ ದಿನಗಳಲ್ಲೂ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಗೇಟಿಗೆ ಹೋಗಿ ಹಾಜರಿ ಕೊಡಬೇಕು, ಇಲ್ಲದಿದ್ದರೆ ಅರ್ಧ ಪಗಾರವೂ ಇಲ್ಲ. ಬರಿಗೈಲಿ ಹೋಗಲು ನಾಚಿಕೆಯಾಗಿ ಖಾಲಿ ಬುತ್ತಿಡಬ್ಬಿ ಹಿಡಿದು ಹೋಗುತ್ತಿದ್ದೆ.

ಜೊತೆಗೆ ಬರುತ್ತಿದ್ದವಳು ಪಕ್ಕದ ಯಂತ್ರದ ಅಕ್ಕ. ನಮ್ಮ ಚಾಳಿನವಳೇ, ಗಂಡನಿಲ್ಲದವಳು, ಓದು ಬರದವಳು. ಅವಳ ಅಣ್ಣ ಮಂಗಳವೇಢೆಯಿಂದ ಹಾಕುವ ಕಾರ್ಡುಗಳನ್ನು ನಾನೇ ಓದಿ ಹೇಳುತ್ತಿದ್ದೆ. ನಾನು ವಾಗದರಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವಳು. ಮರಾಠಿ ಬರೆಯುವ ಬಾಳಬೋಧ ಅಕ್ಷರಗಳನ್ನು ಗಿರಣಿಯ ಬೋರ್ಡು ನೋಡಿ ನೋಡಿ ಕೂಡಿಸಲು ಕಲಿತಿದ್ದೆ. ಅಷ್ಟಕ್ಕೇ ಚಾಳಿನಲ್ಲಿ ನಾನು ಪಂಡಿತೆ. ಆ ಸೊಕ್ಕು ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಯೂನಿಯನ್ನಿನ ಹಿರಿಯರೊಬ್ಬರು ಒಂದು ದಿನ ಗೇಟಿನಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿದರು.

"ಅರ್ಧಾ ಕೆಲಸದಾಗ ಎಷ್ಟ ದಿನಾ ಇರ್ತೀರಿ? ನಮ್ಮನ್ನ ಕಪಾತ ಮಾಡ್ರಿ, ಕೆಲಸದಿಂದ ತಗೀರಿ ಅಂತ ಅರ್ಜಿ ಕೊಡ್ರಿ. ಅವರಾಗೇ ತಗದ್ರ ದುಡದ ವರ್ಷಕ್ಕ ತಕ್ಕ ಭರಪಾಯಿ ದುಡ್ಡ ಕೊಡಬೇಕಾಗತೈತಿ. ನೀವಾಗೇ ಬಿಟ್ರ ಏನೂ ಇಲ್ಲ, ನೆನಪಿಡ್ರಿ."

ಇಬ್ಬರೂ ಅರ್ಜಿ ಕೊಟ್ಟೆವು. ಆ ದುಡ್ಡಿನಲ್ಲಿ ವಿಜಾಪುರ ರಸ್ತೆಯಲ್ಲಿ ಗಾಡಿ ಇಟ್ಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುವುದೆಂದು ಅಕ್ಕ ಆಗಲೇ ಜಾಗ ಕೂಡ ನೋಡಿ ಬಂದಿದ್ದಳು.

ತಿಂಗಳ ಮೇಲೆ ಆಫೀಸಿಗೆ ಕರೆದರು. ಕಾರಕೂನ ನಮ್ಮ ಮುಂದೆ ಎರಡು ಮರಾಠಿ ಕಾಗದ ಸರಿಸಿದ. "ಸಹಿ ಮಾಡ್ರಿ ಬಾಯಿ, ಲಗೂನ."

"ಏನ ಬರದಾರ ಓದ ತಂಗಿ," ಎಂದಳು ಅಕ್ಕ.

ಮೇಲಿನ ದಪ್ಪ ಅಕ್ಷರ ಕೂಡಿಸಿದೆ. ರಾ, ಜೀ, ನಾ, ಮಾ. ನನಗೆ ಹಿಗ್ಗೋ ಹಿಗ್ಗು. ನನಗೆ ಗೊತ್ತಿದ್ದ ಮಾತು! ಅಪ್ಪ ಮತ್ತು ಕಾಕಾ ಹೊಲದ ಬದುವಿಗೆ ವರ್ಷಗಟ್ಟಲೆ ಹೊಡೆದಾಡಿ, ಕೊನೆಗೆ ಅಕ್ಕಲಕೋಟೆಯ ಕೋರ್ಟಿನಲ್ಲಿ ರಾಜೀನಾಮಾ ಬರೆದುಕೊಟ್ಟು ಬಂದಿದ್ದರು. ಆ ದಿನ ಇಬ್ಬರೂ ಒಂದೇ ತಾಟಿನಲ್ಲಿ ಉಂಡರು. ನಮ್ಮ ಮನೆಯಲ್ಲಿ ಆ ಮಾತಿಗೆ ಎರಡೂ ಕಡೆಯವರು ಒಪ್ಪಿದರು ಎಂದೇ ಅರ್ಥ. ಕೆಳಗಿನ ಸಾಲುಗಳನ್ನು ನಾನು ಓದಲಿಲ್ಲ. ಅಕ್ಷರ ಕೂಡಿಸುತ್ತ ತಡವರಿಸುವುದನ್ನು ಕಾರಕೂನ ನೋಡಬಾರದಾಗಿತ್ತು.

"ರಾಜಿ ಆಗ್ಯಾರ ಅಕ್ಕಾ. ನಾವ ಕೇಳಿದ್ದಕ್ಕ ಒಪ್ಯಾರ. ಹಾಕು."

ಅವಳು ಹೆಬ್ಬೆಟ್ಟು ಒತ್ತಿದಳು. ನಾನು ಠೀವಿಯಿಂದ ಸಹಿ ಮಾಡಿದೆ.

ಎಂಟು ದಿನ ಬಿಟ್ಟು ಭರಪಾಯಿ ಕೇಳಲು ಹೋದರೆ ಅದೇ ಕಾರಕೂನ ತಲೆ ಎತ್ತದೆ ಹೇಳಿದ: "ನಿಮ್ಮನ್ನ ಯಾರ ತಗದಾರ್ರಿ ಬಾಯಿ? ನೀವಾಗೇ ಕೆಲಸಾ ಬಿಡತೀವಿ ಅಂತ ರಾಜೀನಾಮಾ ಕೊಟ್ಟೀರಿ."

ಯೂನಿಯನ್ನಿನ ಹಿರಿಯರು ಹಣೆ ಚಚ್ಚಿಕೊಂಡರು. "ನನಗೊಂದ ಮಾತ ಕೇಳಬಾರದಿತ್ತೇನವಾ?" ಸರಕಾರಿ ಕಾರ್ಮಿಕ ಕಚೇರಿಗೂ ನಾಲ್ಕು ಸಲ ಎಡತಾಕಿದೆವು. ನನ್ನ ಸಹಿ, ಅವಳ ಹೆಬ್ಬೆಟ್ಟು ನೋಡಿ ಅವರೂ ಕಾಗದ ಹಿಂದಕ್ಕೆ ಕೊಟ್ಟರು.

ಮೋಸ ಮಾಡಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಆದರೆ ಆ ಸಿಟ್ಟಿನ ಹಿಂದೆ ಅವಿತುಕೊಳ್ಳಲು ಆಗುವುದಿಲ್ಲ. ಅಕ್ಕ ನನ್ನನ್ನು ನಂಬಿ ಹೆಬ್ಬೆಟ್ಟು ಒತ್ತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು, ಅವಳು ಬೈಯಲಿಲ್ಲ. "ನೀ ಏನ ಬೇಕಂತ ಮಾಡೀ ಏನ, ಬಿಡು," ಎಂದಳು.

ಮುಂದೆ ಒಂದು ಮುಂಜಾನೆ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಪೋಸ್ಟಿನವನು ಅಕ್ಕನಿಗೆ ಕಾರ್ಡು ಕೊಟ್ಟು ಹೋದ. ನಾನು ಮೊರ ಬದಿಗಿಟ್ಟು, ಕೈ ಒರೆಸಿಕೊಂಡು ಕಾದೆ. ಅವಳು ಕಾರ್ಡನ್ನು ಸೆರಗಿನೊಳಗೆ ಹಿಡಿದು ನನ್ನ ಬಾಗಿಲು ದಾಟಿ, ಓಣಿಯ ತುದಿಯ ದರ್ಜಿಯ ಹತ್ತಿರ ಹೋಗಿ ಓದಿಸಿಕೊಂಡು ಬಂದಳು. ತಿರುಗಿ ಬರುವಾಗ ನಿಂತು ಕೇಳಿದಳು:

"ಊಟ ಆತೇನ ತಂಗಿ?"

"ಆತಕ್ಕಾ," ಎಂದೆ. ಒಲೆ ಇನ್ನೂ ಹಚ್ಚಿರಲಿಲ್ಲ.